ನಮ್ಮ ರಾಜ್ಯೋತ್ಸವದಲ್ಲಿ ಯಾರ ಕರ್ನಾಟಕ?

ನಮ್ಮ ಕಡೆ ನವೆಂಬರ್ ಒಂದನೇ ತಾರೀಖು ಡಿಸೆಂಬರ್ ಬಂದರೂ ಮುಗಿಯುವುದಿಲ್ಲ. ಮಹಾರಾಷ್ಟ್ರದಲ್ಲಿ ಅಂದು ರಜೆ ಇಲ್ಲ, ಅದರ ಮೇಲೆ ದೀಪಾವಳಿಯ ಗಡಿಬಿಡಿ ಬೇರೆ. ಹಾಗಾಗಿ ಥಾಣೆಯವರದ್ದು ಒಂದು ಭಾನುವಾರ, ಡೊಂಬಿವಲಿಯವರದ್ದು ಇನ್ನೊಂದು ಭಾನುವಾರ, ಕಲ್ಯಾಣದವರದ್ದು ಮತ್ತೊಂದು, ನವಿಮುಂಬಯಿಯವರದ್ದು ಹಾಲ್ ಸಿಕ್ಕಾಗ... ಹೀಗೆ ರಾಜ್ಯೋತ್ಸವ ಸ್ಲೋ ಲೋಕಲ್ಲಿನ ಹಾಗೆ ಎಲ್ಲ ಸ್ಟೇಷನ್ನಿನಲ್ಲೂ ನಿಂತು ಸಾಗುತ್ತದೆ. ಡೊಂಬಿವಲಿಗೆ ಬಂದು ಮೂವತ್ತು ವರ್ಷ ದಾಟಿದ ನಾನು ಇವುಗಳಲ್ಲಿ ಸಾಕಷ್ಟಕ್ಕೆ ಹೋಗಿದ್ದೇನೆ, ಕುರ್ಚಿಯನ್ನೂ ಹಾಕಿದ್ದೇನೆ, ಉಪ್ಪಿಟ್ಟನ್ನೂ ಬಡಿಸಿದ್ದೇನೆ. ಹಾಗಾಗಿ ನಾನು ಹೊರಗೆ ನಿಂತು ಮಾತಾಡುವವನಲ್ಲ.

ಕಾರ್ಯಕ್ರಮ ಹೇಗಿರುತ್ತದೆ ಎಂದು ನಿಮಗೂ ಗೊತ್ತು. ದೀಪ ಬೆಳಗುವುದು, ನಾಡಗೀತೆ, ಮಕ್ಕಳ ಡಾನ್ಸು, ಬೆಂಗಳೂರಿನಿಂದ ಬಂದ ಅತಿಥಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅತಿಥಿಗಳು ಕದಂಬರಿಂದ ಹೊರಟು ವಿಜಯನಗರದ ಮೇಲೆ ಹಾದು ಮೈಸೂರು ಅರಸರ ಹತ್ತಿರ ಬಂದು, ಎಂಟು ಜ್ಞಾನಪೀಠಗಳನ್ನು ಎಣಿಸಿ ಕುಳಿತುಕೊಳ್ಳುತ್ತಾರೆ. ಆಮೇಲೆ ಆರ್ಕೆಸ್ಟ್ರಾ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಕಥೆಯಲ್ಲಿ ಎದುರು ಕುಳಿತ ನಾವು ಎಲ್ಲಿದ್ದೇವೆ? ಬೆಂಗಳೂರಿನಲ್ಲಿ ಮಾಡಿದ ಭಾಷಣವನ್ನೇ ಡೊಂಬಿವಲಿಯಲ್ಲೂ ಮಾಡುವುದಾದರೆ ಡೊಂಬಿವಲಿಯಲ್ಲಿ ರಾಜ್ಯೋತ್ಸವ ಯಾಕೆ?

ಸ್ವಲ್ಪ ಹಿಂದೆ ಹೋಗೋಣ. 1956ರ ನವೆಂಬರ್ 1ಕ್ಕೆ ಮೊದಲು ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕೂ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲೇ ಇದ್ದವು. ಆ ಕಡೆಯಿಂದ ಆಗ ಮುಂಬಯಿಗೆ ಬಂದವರು ಪರರಾಜ್ಯಕ್ಕೆ ಬಂದವರಲ್ಲ, ತಮ್ಮದೇ ರಾಜಧಾನಿಗೆ ಬಂದವರು. ಅವರು ವಲಸೆಗಾರರಾದದ್ದು ಟ್ರೇನು ಹತ್ತಿದ್ದರಿಂದ ಅಲ್ಲ, ಗಡಿ ಸರಿದದ್ದರಿಂದ! ನಮ್ಮ ಹಾಲಿನಲ್ಲಿ ಅವರ ಪಕ್ಕದಲ್ಲಿ ಕುಳಿತ ಉಡುಪಿ, ಮಂಗಳೂರಿನವರ ಹಿರಿಯರು ಆಗ ಮದರಾಸು ರಾಜ್ಯದವರು. ಬೀದರ, ಕಲಬುರಗಿ, ರಾಯಚೂರಿನವರು ಹೈದರಾಬಾದಿನವರು. ಮೈಸೂರಿನವರು ಮಾತ್ರ ಮೈಸೂರಿನವರು. ಬೇರೆಬೇರೆ ಸರಕಾರಗಳ ಕೆಳಗೆ ಹಂಚಿಹೋಗಿದ್ದ ಜನ ಒಂದು ರಾಜ್ಯದವರಾದ ದಿನ ಅದು. 1973ರಲ್ಲಿ ದೇವರಾಜ ಅರಸರ ಕಾಲಕ್ಕೆ ಕರ್ನಾಟಕ ಎಂಬ ಹೆಸರು ಬಂತು.

ಆ ಒಂದಾಗುವ ಆಸೆ ಮೊದಲು ಕುದಿದದ್ದೂ ಮುಂಬಯಿ ಪ್ರಾಂತದಲ್ಲೇ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರದ್ದು. ಕರ್ನಾಟಕ ಗತವೈಭವ ಬರೆದ ಆಲೂರು ವೆಂಕಟರಾಯರು ಪದವಿ ಓದಿದ್ದು ಪುಣೆಯಲ್ಲಿ, ಕಾನೂನು ಓದಿದ್ದು ಮುಂಬಯಿಯಲ್ಲಿ. ಅತ್ತ ಮುಂಬಯಿಯಲ್ಲಿ ಮೈಸೂರು ಅಸೋಸಿಯೇಶನ್ 1926ರಲ್ಲೇ, ಕರ್ನಾಟಕ ಸಂಘ 1933ರಲ್ಲೇ ಹುಟ್ಟಿದ್ದವು. ಕರ್ನಾಟಕ ಎಂಬ ರಾಜ್ಯ ನಕ್ಷೆಯಲ್ಲಿ ಇಲ್ಲದಾಗಲೇ ಆ ಹೆಸರಿನ ಬೋರ್ಡು ಈ ಊರಿನಲ್ಲಿತ್ತು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡದಲ್ಲೇ ಓದಿ ಮುಂದೆ ಬಂದ ಹುಡುಗರ ಕಥೆಯೂ ಇದೇ ಇತಿಹಾಸದ್ದು. ಇದನ್ನು ಹೇಳಲು ಬೆಂಗಳೂರಿನಿಂದ ವಿಮಾನದಲ್ಲಿ ಯಾರೂ ಬರಬೇಕಾಗಿಲ್ಲ. ಎರಡನೇ ಸಾಲಿನಲ್ಲಿ ಕುಳಿತ ಅಜ್ಜನನ್ನು ವೇದಿಕೆಗೆ ಕರೆದರೆ ಸಾಕು.

ಇನ್ನೂ ಹಿಂದೆ ಹೋದರೆ ನಾವು ನಿಂತ ನೆಲವೇ ಮಾತಾಡುತ್ತದೆ. ಥಾಣೆ ಅಂದರೆ ಸ್ಥಾನಕ, ಉತ್ತರ ಕೊಂಕಣದ ಶಿಲಾಹಾರರ ರಾಜಧಾನಿ. ಈ ಶಿಲಾಹಾರರು ಮೊದಲು ಮಾನ್ಯಖೇಟದ ರಾಷ್ಟ್ರಕೂಟರ ಮಾಂಡಲಿಕರು. ಕಾನ್ಹೇರಿ ಗುಹೆಗಳಲ್ಲಿ 9ನೆಯ ಶತಮಾನದ ಶಾಸನಗಳಿವೆ, ಅವುಗಳಲ್ಲಿ ಚಕ್ರವರ್ತಿ ಎಂದು ಇರುವ ಹೆಸರು ಅಮೋಘವರ್ಷನದ್ದು. ಕವಿರಾಜಮಾರ್ಗ ಹುಟ್ಟಿದ್ದು ಇದೇ ಅಮೋಘವರ್ಷನ ಆಸ್ಥಾನದಲ್ಲಿ. ಭಾಂಡುಪದಲ್ಲಿ ಸಿಕ್ಕ, 1026ರ ಛಿತ್ತರಾಜನ ತಾಮ್ರಪಟದಲ್ಲಿ ಮಂತ್ರಿಗಳ ಪಟ್ಟಿ ಇದೆ. ಕೆಲವರ ಹೆಸರಿನ ಕೊನೆಗೆ ನಮ್ಮ 'ಅಯ್ಯ' ಇದೆ! ಅಷ್ಟೇ ಅಲ್ಲ, ಕರ್ಣಾಟದ ವ್ಯವಹಾರಕ್ಕೆಂದೇ ಒಬ್ಬ ಬೇರೆ ಸಂಧಿವಿಗ್ರಹಿ ಇದ್ದ. ಅಂದರೆ ಸಾವಿರ ವರ್ಷದ ಹಿಂದೆ ಥಾಣೆಯ ದರಬಾರಿನಲ್ಲಿ ಕರ್ನಾಟಕದ ಕೆಲಸಕ್ಕೆ ಒಂದು ಕುರ್ಚಿ! ಛಿತ್ತರಾಜನ ತಮ್ಮ ಮುಮ್ಮುಣಿಯ ಹೆಸರಿರುವ 1060ರ ಶಾಸನ ಅಂಬರನಾಥದ ಶಿವಾಲಯದಲ್ಲಿದೆ. ಕಲ್ಯಾಣದಿಂದ ಲೋಕಲ್ಲಿನಲ್ಲಿ ಹೋಗಿ ನೋಡಿ ಬರಬಹುದು.

ಹಾಗಂತ ಥಾಣೆ ನಮ್ಮದು ಎಂದು ಎದೆ ತಟ್ಟಿಕೊಳ್ಳಿ ಎಂದಲ್ಲ. ಅಂಥ ಮಾತಿನಿಂದ ಬೆಳಗಾವಿಯ ಎರಡೂ ಬದಿಯಲ್ಲಿ ಎಷ್ಟು ಬಸ್ಸಿನ ಗಾಜು ಒಡೆದಿವೆ ಎಂಬುದು ನಮಗೆ ಗೊತ್ತಿಲ್ಲವೇ? ನಾನು ಹೇಳುವುದು ಇದಕ್ಕೆ ವಿರುದ್ಧ. ಈ ನೆಲದಲ್ಲಿ ಕನ್ನಡವೂ ಮರಾಠಿಯೂ ಒಂದೇ ಮನೆಯಲ್ಲಿ ಬೆಳೆದವು ಎಂದು ಮಕ್ಕಳಿಗೆ ತೋರಿಸಿ, ಪಕ್ಕದ ಮನೆಯ ಜೋಶಿ ಕಾಕಾ, ಪಾಟೀಲ್ ಕಾಕೂ ಅವರನ್ನೂ ಕರೆಯಿರಿ. ಅವರಿಗೂ ಹೇಳಬೇಕಾದ್ದಿದೆ. ಅದೇ 1956ರ ನವೆಂಬರ್ 1ರಂದು ಮರಾಠವಾಡೆಯೂ ಹೈದರಾಬಾದಿನಿಂದ ಬಿಡಿಸಿಕೊಂಡು ಮುಂಬಯಿ ರಾಜ್ಯಕ್ಕೆ ಸೇರಿತು. ನಮ್ಮ ನಾಲ್ಕು ಜಿಲ್ಲೆ ಹೊರಗೆ ಹೋದ ದಿನವೇ ಅವರ ಐದು ಜಿಲ್ಲೆ ಒಳಗೆ ಬಂದವು. 1960ರ ಮೇ 1ರ ಮಹಾರಾಷ್ಟ್ರ ದಿನ ಅದರ ಮುಂದಿನ ಅಧ್ಯಾಯ. ಎರಡೂ ದಿನಗಳನ್ನು ಮನಸಾರೆ ಆಚರಿಸುವ ಭಾಗ್ಯ ನಮಗಿದೆ.

ಈಗ ನನ್ನನ್ನು ನಿಜವಾಗಿ ಕೊರೆಯುವ ಮಾತಿಗೆ ಬರುತ್ತೇನೆ. ಬೆಳಿಗ್ಗೆ ಎಂಟು ಗಂಟೆಗೆ ನವಿಮುಂಬಯಿಯ ಯಾವುದಾದರೂ ನಾಕಾಕ್ಕೆ ಹೋಗಿ ನಿಲ್ಲಿ. ಗಮೇಲಾ, ಸಲಿಕೆ, ಬುತ್ತಿ ಹಿಡಿದು ಕೂಲಿಗೆ ಕಾಯುವವರ ನಡುವೆ ಕನ್ನಡ ಕೇಳುತ್ತದೆ. ಕಲಬುರಗಿ, ಯಾದಗಿರಿ, ವಿಜಾಪುರದ ಕಡೆಯವರು. ನಮ್ಮ ಕನ್ನಡ ಸಭಾಂಗಣಗಳಲ್ಲಿ ಮಾತ್ರ ಇವರು ಕಾಣುವುದಿಲ್ಲ. ಒಮ್ಮೆ ಅಲ್ಲೊಬ್ಬ ತಾಯಿಯನ್ನು ಮಾತಾಡಿಸಿದೆ. ಯಾವ ಊರಮ್ಮಾ ಎಂದರೆ ಸೇಡಂ ತಾಲೂಕು ಅಂದಳು. ಮಕ್ಕಳು ಓದುತ್ತಾವಾ ಎಂದು ಕೇಳಿದೆ. "ಮರಾಠಿ ಸಾಲಿಗಿ ಹೋಗ್ತಾವ್ರಿ ಯಣ್ಣಾ. ಮನ್ಯಾಗ ಕನ್ನಡನೇ ಮಾತಾಡ್ತಾವ. ಖರೇ ಓದ್ಲಾಕ ಬರಲ್ರಿ" ಅಂದಳು.

ಅಮೋಘವರ್ಷನ ಮಾನ್ಯಖೇಟ ಎಲ್ಲಿದೆ ಗೊತ್ತೇ? ಇವತ್ತಿನ ಮಳಖೇಡ, ಅದೇ ಸೇಡಂ ತಾಲೂಕು. ವೇದಿಕೆಯ ಮೇಲೆ ನಾವು ಅಮೋಘವರ್ಷನಿಗೆ ಜೈ ಎನ್ನುತ್ತೇವೆ. ಅವನ ಊರಿನ ಹೆಣ್ಣುಮಗಳು ಎರಡು ಸ್ಟೇಷನ್ ಆಚೆ ನಮ್ಮದೇ ಟವರಿಗೆ ಇಟ್ಟಿಗೆ ಹೊರುತ್ತಾಳೆ, ಅವಳಿಗೆ ಆಮಂತ್ರಣ ಪತ್ರಿಕೆ ಹೋಗುವುದಿಲ್ಲ. ಸರಕಾರ 2019ರಲ್ಲಿ ಆ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟಿತು. ನಮ್ಮ ಕಲ್ಯಾಣ್ ಸ್ಟೇಷನ್ನಿಗೂ ಆ ಕಲ್ಯಾಣಕ್ಕೂ ಇರುವ ದೂರ ಟ್ರೇನಿನಲ್ಲಿ ಒಂದು ರಾತ್ರಿಯದ್ದು, ನಮ್ಮ ಮನಸ್ಸಿನಲ್ಲಿ ಮಾತ್ರ ಇನ್ನೂ ಹೆಚ್ಚು.

ಇನ್ನೊಂದು ಮಾತು. 'ಮಾತಾಡ್ತಾವ, ಓದ್ಲಾಕ ಬರಲ್ಲ' ಎಂದು ಅವಳು ಅಂದದ್ದು ನಮ್ಮ ಕಮಿಟಿಯವರ ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಅಕ್ಷರಶಃ ಸಲ್ಲುತ್ತದೆ. ನಾಡಗೀತೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುವ ಮಕ್ಕಳು ನಿಮ್ಮಲ್ಲಿಲ್ಲವೇ? ನಾಕಾದ ಮಗುವಿಗೂ ಟವರಿನ ಮಗುವಿಗೂ ಬೇಕಾದದ್ದು ಒಂದೇ, ವಾರಕ್ಕೆ ಎರಡು ತಾಸು ಕನ್ನಡ ಕಲಿಸುವ ಒಬ್ಬ ಅಕ್ಕ ಅಥವಾ ಅಣ್ಣ, ಒಂದು ಕೋಣೆ, ಒಂದಿಷ್ಟು ಪುಸ್ತಕ.

ದುಡ್ಡು ಎಲ್ಲಿಂದ ಎನ್ನುತ್ತೀರಾ? ಅತಿಥಿಯ ವಿಮಾನ, ಹೋಟೆಲು, ಶಾಲುಗಳ ಖರ್ಚನ್ನು ಒಮ್ಮೆ ಕೂಡಿಸಿ ನೋಡಿ. ಜನ ಬರುವುದೇ ಆರ್ಕೆಸ್ಟ್ರಾಕ್ಕೆ, ಇತಿಹಾಸ ಯಾರಿಗೆ ಬೇಕು ಎಂದು ಖಜಾಂಚಿಗಳು ಹೇಳುತ್ತಾರೆ. ಅವರ ಮಾತಲ್ಲೂ ಹುರುಳಿದೆ. ಆರ್ಕೆಸ್ಟ್ರಾ ಇರಲಿ ಮಾರಾಯ್ರೇ, ನನಗೂ ಇಷ್ಟ! ಅದಕ್ಕೆ ಮೊದಲು ಅರ್ಧ ಗಂಟೆ ಮಾತ್ರ ಕೇಳುತ್ತಿದ್ದೇನೆ. ಒಬ್ಬ ಹಿರಿಯರು ತಾವು ಈ ಊರಿಗೆ ಬಂದ ಕಥೆ ಹೇಳಲಿ, ಒಂದು ಮಗು ಅದನ್ನು ಬರೆದುಕೊಳ್ಳಲಿ. ಕನ್ನಡದಲ್ಲಿ. ವರ್ಷಕ್ಕೊಮ್ಮೆ ಅಂಬರನಾಥಕ್ಕೋ ಕಾನ್ಹೇರಿಗೋ ಮಕ್ಕಳನ್ನು ಕರೆದುಕೊಂಡು ಹೋಗಿ. ಆಮಂತ್ರಣ ಪತ್ರಿಕೆಯ ಒಂದು ಕಟ್ಟನ್ನು ನಾಕಾದಲ್ಲಿ ಹಂಚಿ, ಬಂದವರನ್ನು ಮುಂದಿನ ಸಾಲಿನಲ್ಲಿ ಕೂಡಿಸಿ.

ಕರ್ನಾಟಕದೊಳಗೆ ಇರುವವರಿಗೆ ಆಚರಿಸದಿದ್ದರೂ ಕರ್ನಾಟಕ ಇರುತ್ತದೆ, ಬಸ್ಸಿನ ಬೋರ್ಡಿನಲ್ಲಿ, ರೇಷನ್ ಕಾರ್ಡಿನಲ್ಲಿ. ನಮಗೆ ಹಾಗಲ್ಲ. ಇಲ್ಲಿ ನಾವು ಹೇಳಿದಷ್ಟೇ ಇತಿಹಾಸ, ಕಲಿಸಿದಷ್ಟೇ ಕನ್ನಡ, ಕರೆದಷ್ಟೇ ಜನ. ಬರುವ ನವೆಂಬರಿನ ಮೀಟಿಂಗು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲೇ ನಡೆಯುತ್ತದೆ. ಅಲ್ಲಿ ಅತಿಥಿ ಯಾರು ಎಂದು ಕೇಳುವ ಮೊದಲು, ಈ ಸಲ ಕನ್ನಡ ಓದಲು ಕಲಿತ ಮಕ್ಕಳು ಎಷ್ಟು ಎಂದು ಯಾರಾದರೂ ಒಬ್ಬರು ಕೇಳಿ, ಸಾಕು.