ಕುದುರೆಯ ಪಾಂಡುರೋಗವೂ ರಕ್ತಕಣಗಳ ಗುಟ್ಟೂ

ಯಲಹಂಕದ ಕಡೆಯ ವಾಚಕರೊಬ್ಬರು ನಮಗೆ ಕಾಗದ ಬರೆದು ಒಂದು ಪ್ರಶ್ನೆಯನ್ನು ಕೇಳಿರುವರು. ಮದುವೆಯ ಮೆರವಣಿಗೆಗಳಿಗೆ ಬಾಡಿಗೆಗೆ ಹೋಗುವ ಅವರ ಹೆಣ್ಣು ಕುದುರೆಯು ಒಂದು ತಿಂಗಳಿನಿಂದ ಸೊರಗಿದೆ, ನಾಲ್ಕು ಹೆಜ್ಜೆ ಓಡಿದರೆ ಏದುತ್ತದೆ, ಒಸಡು ಬಿಳಿಚಿದೆ. ಪಶುವೈದ್ಯರು ಹತ್ತು ದಿನಗಳೊಳಗೆ ಮೂರು ಬಾರಿ ರಕ್ತ ತೆಗೆದರಂತೆ. ಮೊದಲೇ ರಕ್ತವಿಲ್ಲದ ಮೂಕಪ್ರಾಣಿಯಿಂದ ಮತ್ತೆ ಮತ್ತೆ ರಕ್ತ ತೆಗೆಯುವುದು ಯಾವ ನ್ಯಾಯ, ಕಬ್ಬಿಣದ ಟಾನಿಕ್ಕನ್ನು ಕುಡಿಸಿ ನೋಡಬಾರದೆ, ಇಲ್ಲವೆ ಲಗ್ನದ ಕಾಲಕ್ಕೆ ಮುಂಚೆ ಮಾರಿಬಿಡುವುದು ಲೇಸೆ ಎಂಬುದು ಅವರ ಪ್ರಶ್ನೆ. ಆ ಮನೆಯ ಅನ್ನವು ಆ ಕುದುರೆಯ ದುಡಿಮೆಯಿಂದ ಬರುತ್ತಿರುವುದರಿಂದ ಈ ತಿಂಗಳ ಪುಟವನ್ನು ಈ ವಿಷಯಕ್ಕೇ ಮೀಸಲಾಗಿಡುತ್ತೇವೆ.

ಕಣ್ಣಿಂದ ನೋಡದೆ ರೋಗ ಇಂಥದೆಂದು ಹೇಳುವುದು ನಮ್ಮಿಂದಾಗದ ಕೆಲಸ. ಆದರೆ ಮೂರು ಬಾರಿ ರಕ್ತ ತೆಗೆದದ್ದು ಏತಕ್ಕೆಂಬುದನ್ನು ಹೇಳಬಲ್ಲೆವು. ಮೊದಲಿಗೆ ಭಯವನ್ನು ಬಿಡಬೇಕು. 450 ಕಿಲೋ ತೂಗುವ ಕುದುರೆಯ ಮೈಯಲ್ಲಿ ಸುಮಾರು 35 ಲೀಟರು ರಕ್ತವಿರುತ್ತದೆ. ಪರೀಕ್ಷೆಯ ನಳಿಗೆಗೆ ಹಿಡಿಯುವುದು ಒಂದೆರಡು ಚಮಚೆಯಷ್ಟು ಮಾತ್ರ.

ಕುದುರೆಯ ಕೆಂಪು ಕಣವು ಮನುಷ್ಯರದಕ್ಕಿಂತ ಚಿಕ್ಕದು. ನಮ್ಮದು ಅಡ್ಡಳತೆಯಲ್ಲಿ ಏಳೂವರೆ ಮೈಕ್ರಾನ್ ಇದ್ದರೆ ಅದರದು ಐದೂವರೆಯ ಆಸುಪಾಸು. ಗಾತ್ರದ ಕೊರತೆಯನ್ನು ಸಂಖ್ಯೆ ತುಂಬಿಕೊಡುತ್ತದೆ: ಒಂದು ಘನ ಮಿಲಿಮೀಟರು ರಕ್ತದಲ್ಲಿ ನಮಗೆ 50 ಲಕ್ಷದಷ್ಟು ಕಣಗಳಾದರೆ, ಓಟದ ಜಾತಿಕುದುರೆಗೆ 65 ಲಕ್ಷದಿಂದ 1 ಕೋಟಿ 20 ಲಕ್ಷದವರೆಗೂ ಇರುವುದುಂಟು. ಸೂಕ್ಷ್ಮದರ್ಶಕದ ಅಡಿಯಲ್ಲಿ ಈ ಕಣಗಳು ಅಂಗಡಿಯವನು ನಾಣ್ಯಗಳನ್ನು ಪೇರಿಸಿಟ್ಟಂತೆ ಒಂದರ ಮೇಲೊಂದು ಸಾಲಾಗಿ ಅಂಟಿಕೊಂಡಿರುವುವು. ಬೇರೆ ಪ್ರಾಣಿಗಳಲ್ಲಿ ಇದು ರೋಗದ ಕುರುಹಾಗಬಹುದು. ಕುದುರೆಗೆ ಇದು ಸಹಜ. ಆದಕಾರಣವೇ ನಳಿಗೆಯಲ್ಲಿಟ್ಟ ಅದರ ರಕ್ತವು ನೋಡುನೋಡುತ್ತಿದ್ದಂತೆ ಕೆಳಗೆ ಕೆಂಪಾಗಿಯೂ ಮೇಲೆ ಹಳದಿ ನೀರಾಗಿಯೂ ಒಡೆದು ನಿಲ್ಲುತ್ತದೆ. ದೇಹವು ತನ್ನ ಕಣಗಳ ಮೇಲೆ ತಾನೇ ಹಗೆ ಸಾಧಿಸುವ ರೋಗದಲ್ಲಾದರೋ ಕಣಗಳು ದ್ರಾಕ್ಷಿಯ ಗೊಂಚಲಿನಂತೆ ಮುದ್ದೆಗಟ್ಟುವುವು. ಎರಡನ್ನೂ ಬೇರ್ಪಡಿಸಲು ವೈದ್ಯರು ಸ್ವಲ್ಪ ಉಪ್ಪುನೀರನ್ನು ಬೆರೆಸುತ್ತಾರೆ. ನಾಣ್ಯದ ಸಾಲು ಚೆದರುತ್ತದೆ, ಗೊಂಚಲು ಚೆದರುವುದಿಲ್ಲ.

ಇನ್ನೊಂದು ವಿಚಿತ್ರವು ಗುಲ್ಮದ್ದು. ಕುದುರೆಯು ತನ್ನ ಕೆಂಪು ಕಣಗಳಲ್ಲಿ ಮೂರರಲ್ಲೊಂದು ಪಾಲನ್ನು ಅಲ್ಲಿ ಕೂಡಿಟ್ಟಿರಬಲ್ಲುದು. ಓಡಿದರೂ ಹೆದರಿದರೂ ಗುಲ್ಮವು ಹಿಂಡಿದಂತೆ ಕುಗ್ಗಿ ಆ ಕಣಗಳನ್ನೆಲ್ಲ ರಕ್ತಕ್ಕೆ ನೂಕುತ್ತದೆ. ಸೂಜಿಯನ್ನು ಕಂಡು ಕೊಸರಾಡಿದ ಕುದುರೆಯ ರಕ್ತವು ಸುಳ್ಳು ಸಾಕ್ಷಿ ಹೇಳುವುದು ಹೀಗೆ. ನಿಜವಾದ ಕೊರತೆಯು ಕೊರತೆಯೇ ಇಲ್ಲವೆಂಬಂತೆ ಮರೆಯಾಗಿಬಿಡುತ್ತದೆ. ಕುದುರೆಯನ್ನು ತಣ್ಣಗೆ ನಿಲ್ಲಿಸಿ ಮತ್ತೊಮ್ಮೆ ತೆಗೆಯದೆ ಗತಿಯಿಲ್ಲ.

ಆದರೆ ಮುಖ್ಯವಾದ ಗುಟ್ಟು ಇವೆರಡೂ ಅಲ್ಲ. ಮನುಷ್ಯನಿಗಾಗಲಿ ನಾಯಿಗಾಗಲಿ ರಕ್ತ ಕಡಮೆಯಾದಾಗ ಎಲುಬಿನ ಮಜ್ಜೆಯು ಅವಸರದಿಂದ ಎಳೆಯ ಕಣಗಳನ್ನು ಹೊರಕ್ಕೆ ಕಳುಹಿಸುತ್ತದೆ. ರೆಟಿಕ್ಯುಲೊಸೈಟ್ ಎಂದು ಕರೆಯಲ್ಪಡುವ ಈ ಎಳೆಗಣಗಳನ್ನು ಎಣಿಸಿದರೆ, ಮಜ್ಜೆಯು ದುಡಿಯುತ್ತಿದೆಯೋ ಕೈಚೆಲ್ಲಿ ಕುಳಿತಿದೆಯೋ ಎಂಬುದು ಒಂದೇ ಪರೀಕ್ಷೆಯಲ್ಲಿ ತಿಳಿಯುತ್ತದೆ. ಕುದುರೆಯ ಮಜ್ಜೆ ಹಾಗಲ್ಲ. ಎಷ್ಟೇ ಕಷ್ಟವಿದ್ದರೂ ಅದು ತನ್ನ ಕಣಗಳನ್ನು ಮನೆಯೊಳಗೇ ಬೆಳೆಸಿ, ಬಲಿತ ಮೇಲೆಯೇ ಬೀದಿಗೆ ಬಿಡುತ್ತದೆ. ಆದ್ದರಿಂದ ಚೇತರಿಸಿಕೊಳ್ಳುತ್ತಿರುವ ಕುದುರೆಯ ರಕ್ತವೂ ಮಜ್ಜೆ ಬತ್ತಿದ ಕುದುರೆಯ ರಕ್ತವೂ ಒಂದು ದಿನದ ನೋಟಕ್ಕೆ ಒಂದೇ ತೆರನಾಗಿ ಕಾಣಬಹುದು. ಒಂದು ಬದುಕುತ್ತದೆ, ಇನ್ನೊಂದು ಸಾಯುತ್ತದೆ; ಗಾಜಿನ ಮೇಲೆ ಮಾತ್ರ ಭೇದವಿಲ್ಲ!

ಹಾಗಾದರೆ ವೈದ್ಯರಿಗೆ ಉಳಿದ ದಾರಿಯೇನು? ಕೆಲವು ದಿನ ಬಿಟ್ಟು ಬಿಟ್ಟು ಎಣಿಸುವುದು. ಮಜ್ಜೆ ದುಡಿಯುತ್ತಿದ್ದರೆ ಹೊಸದಾಗಿ ಬಂದ ಕಣಗಳು ಹಳೆಯವಕ್ಕಿಂತ ತುಸು ದೊಡ್ಡವಾಗಿರುವುವು. ಸರಾಸರಿ ಗಾತ್ರವು ನಿಧಾನವಾಗಿ ಏರುತ್ತದೆ. ದೊಡ್ಡವೂ ಚಿಕ್ಕವೂ ಬೆರೆತು ಸಮತೆ ತಪ್ಪುತ್ತದೆ. ಇಷ್ಟರಿಂದಲೂ ಸಂದೇಹ ತೀರದಿದ್ದರೆ ಎದೆಯೆಲುಬಿನಿಂದ ಮಜ್ಜೆಯ ಹನಿಯನ್ನೇ ತೆಗೆದು ನೋಡಬೇಕಾಗುತ್ತದೆ. ಕಳೆದುಕೊಂಡ ಕಣಗಳು ಪೂರ್ತಿಯಾಗಿ ತುಂಬಿಬರಲು ಒಂದು ತಿಂಗಳಿಗೂ ಮೇಲೆ ಹಿಡಿಯಬಹುದು. ಮೂರನೆಯ ಬಾರಿಯ ರಕ್ತವು ಮೊದಲನೆಯದರ ಪುನರುಕ್ತಿಯಲ್ಲವೆಂಬುದು ನಮ್ಮ ವಾಚಕರಿಗೆ ಈಗ ಮನದಟ್ಟಾಗಿರಬೇಕು. 1958ರಲ್ಲಿ ಸ್ಥಾಪನೆಯಾದ ಹೆಬ್ಬಾಳದ ಪಶುವೈದ್ಯ ಕಾಲೇಜು ಯಲಹಂಕಕ್ಕೆ ದೂರವೇನಲ್ಲ; ಸಂದೇಹವಿದ್ದವರು ಅಲ್ಲಿ ಕೇಳಿ ತಿಳಿಯಬಹುದು.

ಇನ್ನು ಟಾನಿಕ್ಕಿನ ಮಾತು. ಮೇವು ತಿನ್ನುವ ಬೆಳೆದ ಕುದುರೆಗೆ ಕಬ್ಬಿಣದ ಕೊರತೆಯಾಗುವುದು ಅಪರೂಪ. ಸಾಲದೆಂದು ಸುರಿದ ಕಬ್ಬಿಣವು ಯಕೃತ್ತಿನಲ್ಲಿ ಶೇಖರವಾಗಿ ಕೇಡು ಮಾಡುತ್ತದೆ. ರಕ್ತವು ಸೋರಿ ಹೋಗುತ್ತಿದೆಯೋ, ಒಳಗೇ ನಾಶವಾಗುತ್ತಿದೆಯೋ, ಹುಟ್ಟುವುದೇ ನಿಂತಿದೆಯೋ ಎಂದು ತಿಳಿಯದೆ ಬಾಟಲಿಯ ಮುಚ್ಚಳ ತೆಗೆಯಬಾರದು. ಜಂತುಹುಳುಗಳಿಂದಲೂ ಹೊಟ್ಟೆಯ ಹುಣ್ಣಿನಿಂದಲೂ ರಕ್ತ ಸೋರುತ್ತದೆ. ಉಣ್ಣೆಗಳು ತರುವ ಸೂಕ್ಷ್ಮಜೀವಿಗಳು ಕಣದೊಳಗೇ ಹೊಕ್ಕು ಅದನ್ನು ಒಡೆಯುತ್ತವೆ. ನೊಣಗಳಿಂದ ಹರಡುವ ಸರ್ರಾ ರೋಗವೂ ಉಂಟು. 1880ರಲ್ಲಿ ಡೇರಾ ಇಸ್ಮಾಯಿಲ್ ಖಾನಿನಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಈಜಾಡುವ ಅದರ ಜೀವಿಯನ್ನು ಕಂಡನು. ಈ ಒಂದೊಂದಕ್ಕೂ ಚಿಕಿತ್ಸೆ ಬೇರೆ ಬೇರೆ, ಒಂದಕ್ಕೂ ಕಬ್ಬಿಣವು ಮದ್ದಲ್ಲ.

ಮಾರುವ ಯೋಚನೆಯನ್ನು ಮಾತ್ರ ಸದ್ಯಕ್ಕೆ ಕಟ್ಟಿಡಬೇಕೆಂದು ಒತ್ತಿ ಹೇಳುತ್ತೇವೆ. ಕುದುರೆಗಳಿಗೆ ಸಾಂಕ್ರಾಮಿಕ ಪಾಂಡುರೋಗವೊಂದಿದೆ. ಅದು ಸೋಸುಕಾಗದಕ್ಕೂ ಸಿಗದಷ್ಟು ಸಣ್ಣ ವಿಷಾಣುವಿನಿಂದ ಬರುವುದೆಂದು 1904ರಲ್ಲಿ ಫ್ರಾನ್ಸಿನ ವಾಲೆ ಮತ್ತು ಕಾರೆ ಎಂಬಿಬ್ಬರು ತೋರಿಸಿದರು. 1970ರಲ್ಲಿ ಅಮೆರಿಕದ ಕಾಗಿನ್ಸ್ ಎಂಬವರು ಅದನ್ನು ಹಿಡಿಯುವ ಪರೀಕ್ಷೆಯನ್ನು ಕಂಡುಹಿಡಿದರು. ಭಾರತದಲ್ಲಿ ಅದು 1987ರಲ್ಲಿ ಬೆಳಕಿಗೆ ಬಂತು. ಒಮ್ಮೆ ತಗಲಿದ ಕುದುರೆಯು ಜ್ವರ ಇಳಿದು ಮೈದುಂಬಿ ಕಂಡರೂ ಬದುಕಿರುವ ತನಕ ವಿಷಾಣುವನ್ನು ಹೊತ್ತಿರುತ್ತದೆ. ಅದನ್ನು ವಾಸಿಮಾಡುವ ಮದ್ದಿಲ್ಲ. ಕುದುರೆನೊಣದ ಬಾಯಿಯಿಂದ ಅದು ಹರಡುತ್ತದೆ. ಅದಕ್ಕಿಂತ ಸುಲಭವಾಗಿ ಮನುಷ್ಯನ ಕೈಯ ಸೂಜಿಯಿಂದಲೂ ಹರಡುತ್ತದೆ. ಒಂದೇ ಸೂಜಿಯಿಂದ ಲಾಯದ ನಾಲ್ಕು ಕುದುರೆಗಳಿಗೆ ಚುಚ್ಚುವ ಪದ್ಧತಿಯನ್ನು ನಾವು ಉಳಿತಾಯವೆಂದು ಕರೆಯಲಾರೆವು. ಈ ರೋಗವು 2009ರ ಕಾಯಿದೆಯ ಪ್ರಕಾರ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿದೆ. ನಮ್ಮ ವಾಚಕರ ಕುದುರೆಗೆ ಅದೇ ಆಗಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ಆ ಪರೀಕ್ಷೆಯ ಫಲ ಕೈಗೆ ಬರುವ ತನಕ ಅದನ್ನು ಬೇರೆ ಕುದುರೆಗಳಿಂದ ದೂರ ಕಟ್ಟಿ, ಸಂಜೆ ಹೊಗೆ ಹಾಕಿ ನೊಣವನ್ನೋಡಿಸುವುದು ಒಳ್ಳೆಯದು.

ಕೊನೆಯದಾಗಿ ಮೇವಿನ ವಿಚಾರ. ಮದುವೆಯ ಛತ್ರಗಳಿಗೆ ಹೋಗುವ ಕುದುರೆಗಳಿಗೆ ಅಡಿಗೆಮನೆಯಲ್ಲಿ ಮಿಕ್ಕ ಸಿಪ್ಪೆ ಸೊಪ್ಪುಗಳನ್ನು ಬುಟ್ಟಿಯಲ್ಲಿ ತಂದು ಸುರಿಯುವುದುಂಟು. ಅದರಲ್ಲಿ ಈರುಳ್ಳಿಯಿದ್ದರೆ ಬಹಳ ಕೆಟ್ಟದ್ದು. ಈರುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ಕೆಂಪು ಕಣದ ಬಣ್ಣದ್ರವ್ಯವನ್ನು ಕೆಡಿಸಿ ಅದರೊಳಗೆ ಹೈನ್ಸ್ ಕಾಯಗಳೆಂಬ ಗಂಟುಗಳನ್ನುಂಟುಮಾಡುತ್ತವೆ. ಅಂಥ ಕಣಗಳು ಬೇಗನೆ ಒಡೆದುಹೋಗುತ್ತವೆ, ಮೂತ್ರವು ಕೆಂಪಾಗುವುದೂ ಉಂಟು. ಕಳೆದ ಲಗ್ನಗಳಲ್ಲಿ ತಮ್ಮ ಕುದುರೆಯು ಇಂಥ ಬುಟ್ಟಿಗೆ ಬಾಯಿ ಹಾಕಿತ್ತೆ, ಮೂತ್ರದ ಬಣ್ಣ ಬದಲಾಗಿತ್ತೆ ಎಂಬುದನ್ನು ನಮ್ಮ ವಾಚಕರು ನೆನಪು ಮಾಡಿಕೊಂಡು ನಾಳೆಯೇ ವೈದ್ಯರಿಗೆ ತಿಳಿಸಲಿ.