ಗೆರೆ ಎಳೆದರಷ್ಟೇ ಸಾಲದು

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸುವ ಆರನೆಯ ಕರಡು ಅಧಿಸೂಚನೆಯನ್ನು ಕೇಂದ್ರ ಸರಕಾರ 2024ರ ಜುಲೈ 31ರಂದು ಹೊರಡಿಸಿತು. ಅದರ ಹಿಂದಿನ ದಿನವಷ್ಟೇ ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜೀವಗಳು ಮಣ್ಣುಪಾಲಾಗಿದ್ದವು. ಕರ್ನಾಟಕದ 20,668 ಚದರ ಕಿಲೋಮೀಟರ್ ಭೂಮಿ ಈ ಕರಡಿನಲ್ಲಿದೆ. ಸಕಲೇಶಪುರದ ಹಳ್ಳಿಗಳೂ ಅದರಲ್ಲಿವೆ. ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಇದಕ್ಕೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು. 2014ರ ಮಾರ್ಚ್‌ನಿಂದ ಹತ್ತು ವರ್ಷಗಳಲ್ಲಿ ಆರು ಕರಡುಗಳು! ಇದನ್ನು ಆಡಳಿತವೆನ್ನಬೇಕೇ, ಕಾಲಹರಣವೆನ್ನಬೇಕೇ?

ಈ ಗೆರೆ ಯಾರ ಜಮೀನನ್ನೂ ಕಿತ್ತುಕೊಳ್ಳುವುದಿಲ್ಲ. ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ. ಇರುವ ಕಾನೂನಿನ ಮೇಲೆ ಮತ್ತೊಂದು ನಿಯಮದ ಹೊದಿಕೆ ಬೀಳುತ್ತದೆ, ಅಷ್ಟೇ. ಗಣಿಗಾರಿಕೆ, ಕಲ್ಲುಕೋರೆ, ಮರಳು ತೆಗೆಯುವಿಕೆ, ಕೆಂಪು ವರ್ಗದ ಹೊಸ ಕೈಗಾರಿಕೆ, 20,000 ಚದರ ಮೀಟರ್ ಹಾಗೂ ಅದಕ್ಕೆ ಮೀರಿದ ಹೊಸ ಕಟ್ಟಡಗಳಿಗೆ ನಿಷೇಧವಿದೆ. ಕಾಫಿ, ಏಲಕ್ಕಿ, ಭತ್ತದ ಬೆಳೆಗಾರನಿಗೆ ನಿಷೇಧವಿಲ್ಲ. ಆದರೆ ಇದನ್ನು ಹಳ್ಳಿಗೆ ಹೋಗಿ ಕನ್ನಡದಲ್ಲಿ ಹೇಳಬೇಕಾದವರು ಯಾರು? ರಾಜಪತ್ರ ಪ್ರಕಟವಾಗುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಆಕ್ಷೇಪಕ್ಕೆ ದೊರೆಯುವುದು 60 ದಿನ. ಮಾಹಿತಿ ಇಲ್ಲದಲ್ಲಿ ವದಂತಿಯೇ ಅಧಿಸೂಚನೆಯಾಗುತ್ತದೆ.

ಮಲೆನಾಡಿಗರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದೂ ಅನ್ಯಾಯ. ಗೊರೂರಿನ ಹೇಮಾವತಿ ಅಣೆಕಟ್ಟೆಗಾಗಿ ಊರು ತೊರೆದವರ ನೆನಪು ಇಲ್ಲಿ ಮಾಸಿಲ್ಲ. ಹೈಕೋರ್ಟ್ ರಚಿಸಿದ ಆನೆ ಕಾರ್ಯಪಡೆ 2012ರಲ್ಲಿ ರಾಜ್ಯವನ್ನು ಸಂರಕ್ಷಣೆ, ಸಹಬಾಳ್ವೆ, ಸ್ಥಳಾಂತರ ಎಂಬ ಮೂರು ವಲಯಗಳಾಗಿ ವಿಂಗಡಿಸಲು ಹೇಳಿ, ಆಲೂರು ಸುತ್ತಿನ ಆನೆಗಳನ್ನು ಹಿಡಿಯಲು ಸೂಚಿಸಿತು. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿಯಲಾಯಿತು. ಆದರೂ ಸಮಸ್ಯೆ ನಿಲ್ಲಲಿಲ್ಲ. 2023ರ ಡಿಸೆಂಬರ್ 4ರಂದು ದಸರಾ ಆನೆ ಅರ್ಜುನ ಕಾಡಾನೆಯೊಂದಿಗಿನ ಕಾಳಗದಲ್ಲಿ ಮಡಿದದ್ದು ಇದೇ ಸಕಲೇಶಪುರ ತಾಲೂಕಿನಲ್ಲಿ. ಆನೆ ನಕಾಶೆ ಓದುವುದಿಲ್ಲ; ವಲಯ ಗುರುತಿಸಿದವರು ಆ ಬಳಿಕದ ಹೊಣೆಯನ್ನೂ ಹೊರಬೇಕು.

ಇನ್ನೊಂದು ವಿಪರ್ಯಾಸ ನೋಡಿ. ಇದೇ ಬೆಟ್ಟಗಳನ್ನು ಅಗೆದ ಎತ್ತಿನಹೊಳೆ ಯೋಜನೆಯನ್ನು ಕುಡಿಯುವ ನೀರಿನ ಯೋಜನೆಯೆಂದು ವರ್ಗೀಕರಿಸಿ, ಪರಿಸರ ಅನುಮತಿಯ ಅಗತ್ಯವೇ ಇಲ್ಲದಂತೆ ಮಾಡಲಾಯಿತು. ಸಣ್ಣ ರೈತ ಒಂದು ಕೊಟ್ಟಿಗೆ ಕಟ್ಟಲು ಕಚೇರಿ ಅಲೆಯುವ ನಾಡಿನಲ್ಲಿ ಸರಕಾರ ತನಗೆ ತಾನೇ ವಿನಾಯಿತಿ ಕೊಟ್ಟುಕೊಂಡರೆ, ಆ ಸರಕಾರ ಎಳೆಯುವ ಗೆರೆಯನ್ನು ಜನರು ನಂಬುವುದಾದರೂ ಹೇಗೆ?

ಕಾಡು ಉಳಿಸಿದ್ದಕ್ಕೆ ಪ್ರತಿಫಲವೂ ಇದೆ. ರಾಜ್ಯಗಳಿಗೆ ತೆರಿಗೆ ಪಾಲು ಹಂಚುವಾಗ 14ನೆಯ ಹಣಕಾಸು ಆಯೋಗ ಅರಣ್ಯಕ್ಕೆ ಶೇ. 7.5ರಷ್ಟು ತೂಕ ನೀಡಿತು. 15ನೆಯದು ಅದನ್ನು ಶೇ. 10ಕ್ಕೇರಿಸಿತು. ಆದರೆ ಆ ಹಣ ರಾಜ್ಯದ ಬೊಕ್ಕಸ ಸೇರುತ್ತದೆ. ಅದರಲ್ಲಿ ಇಂತಿಷ್ಟನ್ನು ಕಾಡಂಚಿನ ಗ್ರಾಮ ಪಂಚಾಯತಿಗೆ ಕೊಡಬೇಕೆಂಬ ಷರತ್ತನ್ನು ಆಯೋಗ ವಿಧಿಸಲಿಲ್ಲ. ನಿರ್ಬಂಧ ಹಳ್ಳಿಗೆ, ಪ್ರತಿಫಲ ರಾಜಧಾನಿಗೆ ಎಂಬುದು ನ್ಯಾಯವಲ್ಲ.

ವರದಿಯನ್ನು ತಿರಸ್ಕರಿಸುವುದು ಸುಲಭ. ಮಳೆಗಾಲದಲ್ಲಿ ಕುಸಿಯುವ ದೋಣಿಗಾಲಿನ ಗುಡ್ಡವನ್ನು ತಿರಸ್ಕರಿಸಲಾಗದು. ಸರಕಾರ ಕರಡನ್ನು ಕನ್ನಡದಲ್ಲಿ ಪ್ರತಿ ಗ್ರಾಮಸಭೆಯ ಮುಂದಿಡಲಿ. ಸರ್ವೆ ನಂಬರುಗಳನ್ನು ಜನರೊಂದಿಗೆ ನಡೆದು ಪರಿಶೀಲಿಸಲಿ. ಅರಣ್ಯದ ಹೆಸರಿನಲ್ಲಿ ಪಡೆದ ಪಾಲಿನ ಒಂದು ಭಾಗವನ್ನು ಆ ಪಂಚಾಯತಿಗಳಿಗೇ ಕಾನೂನುಬದ್ಧವಾಗಿ ಮೀಸಲಿಡಲಿ. ಅಲ್ಲಿಯವರೆಗೆ ಏಳನೆಯ ಕರಡೂ ಆರನೆಯದರ ದಾರಿಯನ್ನೇ ಹಿಡಿದೀತು.