ಭೀಮಣ್ಣನ ಗಾಯನವನ್ನು ಬಾಟಲಿಯ ಖಾತೆಗೆ ಜಮಾ ಮಾಡಬೇಡಿ

ಹುಬ್ಬಳ್ಳಿ–ಧಾರವಾಡದ ಯಾವುದೇ ಸಂಗೀತ ಕಾರ್ಯಕ್ರಮದ ವಿರಾಮದಲ್ಲಿ ಚಹಾದ ಕಪ್ಪು ಹಿಡಿದು ನಾಲ್ಕು ಜನ ಹಿರಿಯ ರಸಿಕರು ಸೇರಿದರೆ ಪಂಡಿತ ಭೀಮಸೇನ ಜೋಶಿಯವರ ಮಾತು ಬಾರದೆ ಇರದು. ಮಾತು ತೋಡಿಯಿಂದಲೋ ಶುದ್ಧ ಕಲ್ಯಾಣದಿಂದಲೋ ಆರಂಭವಾಗುತ್ತದೆ. ಐದು ನಿಮಿಷದಲ್ಲಿ ಅವರ ಕುಡಿತಕ್ಕೆ ಬಂದು ನಿಲ್ಲುತ್ತದೆ. ಎಷ್ಟು ಕುಡಿದಿದ್ದರು, ಯಾರು ತೋಳು ಹಿಡಿದು ವೇದಿಕೆಗೆ ಕರೆತಂದರು, ತಂಬೂರಿಯ ಶ್ರುತಿ ಕಿವಿಗೆ ಬಿದ್ದ ಕೂಡಲೇ ಹೇಗೆ ಸಿಂಹದಂತೆ ನೆಟ್ಟಗೆ ಕುಳಿತರು ಎಂದು ಹೇಳುವವರ ದನಿಯಲ್ಲಿ ಹೆಮ್ಮೆ ತುಂಬಿರುತ್ತದೆ. ಈ ಕಥೆಗಳಲ್ಲಿ ನಿಜವೆಷ್ಟು, ಒಗ್ಗರಣೆಯೆಷ್ಟು ಎಂದು ಈಗ ಬೇರ್ಪಡಿಸುವುದು ಕಷ್ಟ. ನನ್ನ ತಕರಾರು ಅವುಗಳ ಸತ್ಯಾಸತ್ಯತೆಯ ಬಗ್ಗೆ ಅಲ್ಲ, ಅವುಗಳಿಂದ ನಾವು ತೆಗೆಯುವ ತೀರ್ಮಾನದ ಬಗ್ಗೆ. ಪಕ್ಕದಲ್ಲಿ ನಿಂತು ಕೇಳುತ್ತಿರುವ ಇಪ್ಪತ್ತರ ಹರೆಯದ ಶಿಷ್ಯನ ಮನಸ್ಸಿನಲ್ಲಿ ದೊಡ್ಡ ಕಲಾವಿದನಾಗುವುದಕ್ಕೂ ಬಾಟಲಿಗೂ ಏನೋ ನಂಟಿದೆ ಎಂಬ ಭಾವನೆ ಬೇರೂರಿಬಿಡುತ್ತದೆ.

ಪಾನನಿರೋಧದ ಉಪದೇಶ ಮಾಡುವ ಉದ್ದೇಶ ನನಗಿಲ್ಲ. ಅಬಕಾರಿ ವರಮಾನವನ್ನು ನೆಚ್ಚಿಕೊಂಡ ಸರ್ಕಾರದಲ್ಲಿ ಬದುಕಿನ ಬಹುಭಾಗ ಕಳೆದು ಅದರ ನಿವೃತ್ತಿ ವೇತನ ಪಡೆಯುತ್ತಿರುವವನಿಗೆ ಅಂಥ ಉಪದೇಶ ಶೋಭಿಸುವುದೂ ಇಲ್ಲ. ಭೀಮಸೇನರ ವ್ಯಸನ ಗುಟ್ಟಿನ ಸಂಗತಿಯೂ ಅಲ್ಲ. ಬದುಕಿನ ಒಂದು ದೀರ್ಘ ಘಟ್ಟದಲ್ಲಿ ಮದ್ಯ ಅವರನ್ನು ಕಾಡಿತು; ಮುಂದೆ ಅವರು ಅದರಿಂದ ಬಿಡಿಸಿಕೊಂಡರು. ವೇಗವಾಗಿ ಕಾರು ಓಡಿಸುವ ಹುಚ್ಚು, ಊರೂರಿಗೆ ಹಾರುತ್ತಿದ್ದ ವಿಮಾನಯಾನ (ಪು. ಲ. ದೇಶಪಾಂಡೆಯವರು ಅವರನ್ನು ‘ಹವಾಯಿ ಗಂಧರ್ವ’ ಎಂದೇ ಕರೆದಿದ್ದರು), ಸಭಾಂಗಣದ ಹೊರಗೂ ಕಿಕ್ಕಿರಿಯುತ್ತಿದ್ದ ಜನ, ಎಲ್ಲವೂ ಸೇರಿ ಅವರ ಬದುಕಿಗೆ ಪಶ್ಚಿಮದ ರಾಕ್ ಸಂಗೀತದ ತಾರೆಗಳ ಬದುಕಿನ ಛಾಯೆ ಇತ್ತು ಎಂದರೆ ತಪ್ಪಾಗದು.

ಆ ತಾರೆಗಳ ಕಥೆ ಏನಾಯಿತು? ಜಿಮಿ ಹೆಂಡ್ರಿಕ್ಸ್ ಮತ್ತು ಜಾನಿಸ್ ಜಾಪ್ಲಿನ್ 1970ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ಇಬ್ಬರಿಗೂ ಆಗ 27 ವರ್ಷ. ಮರುವರ್ಷ ಜಿಮ್ ಮಾರಿಸನ್, ಅದೇ ವಯಸ್ಸು. ಆ ವಯಸ್ಸಿನ ಸುತ್ತ ಒಂದು ದಂತಕಥೆಯೇ ಹುಟ್ಟಿಕೊಂಡಿತು. ಅಕಾಲ ಮರಣವೂ ಮಾರುಕಟ್ಟೆಯಲ್ಲಿ ಸರಕಾಯಿತು. ಭೀಮಸೇನರು 2011ರ ಜನವರಿ 24ರಂದು ಪುಣೆಯಲ್ಲಿ ನಿಧನರಾದಾಗ 89 ತುಂಬಲು ಕೆಲವೇ ದಿನಗಳು ಬಾಕಿ ಇದ್ದವು. ಅದೇ ವರ್ಷದ ಜುಲೈಯಲ್ಲಿ ಲಂಡನ್ನಿನಲ್ಲಿ ಆಮಿ ವೈನ್‌ಹೌಸ್ ಎಂಬ ಅಸಾಧಾರಣ ಗಾಯಕಿ ಅತಿಯಾದ ಮದ್ಯಸೇವನೆಯಿಂದ ಸತ್ತಳು. ಆಕೆಗೂ 27.

‘ನೋಡಿ, ನಮ್ಮ ಭೀಮಣ್ಣ ಕುಡಿದೂ ದಕ್ಕಿಸಿಕೊಂಡ’ ಎನ್ನುತ್ತಾರೆ ರಸಿಕರು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿಯೇ ಲೆಕ್ಕದ ತಪ್ಪು ಕಾಣುತ್ತದೆ. ದಡ ಸೇರಿದವನನ್ನು ಮಾತ್ರ ಎಣಿಸಿ ಹೊಳೆಯ ಆಳವನ್ನು ನಿರ್ಧರಿಸುವ ಲೆಕ್ಕ ಇದು. ಇದೇ ಸೀಮೆಯಲ್ಲಿ ಒಳ್ಳೆಯ ಕಂಠವಿದ್ದೂ ಕುಡಿತದಲ್ಲಿ ಕಳೆದುಹೋದ ನಾಟಕ ಕಂಪನಿಯ ನಟರು, ತಬಲಾ–ಹಾರ್ಮೋನಿಯಂ ವಾದಕರು, ಗಾಯಕರು ಎಷ್ಟು ಮಂದಿ? ಅವರ ಕಥೆಯನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅವರ ಹೆಸರೇ ಯಾರಿಗೂ ಗೊತ್ತಿಲ್ಲ.

ಭೀಮಸೇನರ ಅಸಲು ಬಂಡವಾಳ ಕೂಡಿದ್ದು ಎಲ್ಲಿ, ಯಾವಾಗ ಎಂಬುದನ್ನು ನೋಡಬೇಕು. ಬಾಲ್ಯದಲ್ಲಿ ಭಜನೆಯ ಮೇಳದ ಹಿಂದೆ ಹೋಗಿ ಎಲ್ಲೆಂದರಲ್ಲಿ ನಿದ್ದೆ ಹೋಗುತ್ತಿದ್ದ ಹುಡುಗನ ಅಂಗಿಯ ಮೇಲೆ, ಕಂಡವರು ಮನೆಗೆ ತಲುಪಿಸಲೆಂದು, ತಂದೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದಿದ್ದರಂತೆ. 1933ರಲ್ಲಿ, 11ನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಟಿಕೆಟ್ಟಿಲ್ಲದೆ ರೈಲು ಹತ್ತಿದ ಬಾಲಕ ಗ್ವಾಲಿಯರ್, ಜಲಂಧರ್ ಎಂದು ಅಲೆದು ಕೊನೆಗೆ ಗುರುವನ್ನು ಕಂಡದ್ದು ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳದಲ್ಲಿ. ಅಬ್ದುಲ್ ಕರೀಂ ಖಾನರ ಶಿಷ್ಯ, ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರ ಮನೆಯಲ್ಲಿ ನೀರು ಹೊತ್ತು, ಕಸ ಗುಡಿಸಿ, ಸಿಕ್ಕಷ್ಟು ಪಾಠವನ್ನು ನೂರು ಸಲ ತಿದ್ದಿ ತೀಡಿಕೊಂಡ ವರ್ಷಗಳವು. 1941ರಲ್ಲಿ ಅವರ ಮೊದಲ ಬಹಿರಂಗ ಗಾಯನ. ಮರುವರ್ಷ ಎಚ್‌ಎಂವಿಯಿಂದ ಭಕ್ತಿಗೀತೆಗಳ ಗ್ರಾಮಫೋನ್ ತಟ್ಟೆ. ಅವರ ಗಾಯನದ ಬುನಾದಿ ಆ ವೇಳೆಗೆ ಬಿದ್ದಾಗಿತ್ತು. ಮುಂದಿನ ದಶಕಗಳಲ್ಲಿ ಎಷ್ಟೇ ಖರ್ಚಾದರೂ ಮುಗಿಯದಷ್ಟು ಗಂಟನ್ನು ಆ ಹುಡುಗ ಹರೆಯದಲ್ಲೇ ಕಟ್ಟಿಟ್ಟಿದ್ದ. ಕುಡಿತ ಆ ಗಂಟಿನಿಂದ ತೆಗೆಯಿತೇ ಹೊರತು ಅದಕ್ಕೆ ಒಂದು ಕಾಸನ್ನೂ ಸೇರಿಸಲಿಲ್ಲ. 1953ರಲ್ಲಿ ಪುಣೆಯಲ್ಲಿ ಗುರುವಿನ ಹೆಸರಿನಲ್ಲಿ ಆರಂಭವಾದ ಸಂಗೀತ ಮಹೋತ್ಸವವನ್ನು ಅವರು ದಶಕಗಳ ಕಾಲ ಮುನ್ನಡೆಸಿದ ಬಗೆಯನ್ನು ನೋಡಿದರೂ ಸಾಕು. ಕಲಾವಿದರನ್ನು ಕರೆದು, ಹಣ ಹೊಂದಿಸಿ, ಸಾವಿರಾರು ಶ್ರೋತೃಗಳನ್ನು ಕೂರಿಸುವ ಕೆಲಸ ಲಹರಿಯಿಂದ ಆಗುವಂಥದಲ್ಲ.

ಕುಂದನ್‌ಲಾಲ್ ಸೈಗಲ್ ಅವರ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಕುಡಿಯದೆ ಹಾಡಲಾರೆ ಎಂದು ಆ ಮಹಾನ್ ಗಾಯಕ ನಂಬಿದ್ದರು. 1946ರ ‘ಶಾಹಜಹಾನ್’ ಚಿತ್ರಕ್ಕಾಗಿ ಸಂಗೀತ ನಿರ್ದೇಶಕ ನೌಷಾದ್ ಒಂದೇ ಹಾಡನ್ನು ಕುಡಿಯದೆ ಒಮ್ಮೆ, ಕುಡಿದು ಒಮ್ಮೆ ಹಾಡಿಸಿ ಎರಡನ್ನೂ ಕೇಳಿಸಿದರಂತೆ. ಕುಡಿಯದೆ ಹಾಡಿದ್ದೇ ಮೇಲೆಂದು ಸೈಗಲ್ ಸ್ವತಃ ಒಪ್ಪಿಕೊಂಡರು ಎಂದು ನೌಷಾದ್ ಹೇಳುತ್ತಿದ್ದರು. ಆದರೆ ಕಾಲ ಮೀರಿತ್ತು. 1947ರ ಜನವರಿಯಲ್ಲಿ, 42ನೆಯ ವಯಸ್ಸಿಗೆ, ಸೈಗಲ್ ಇಲ್ಲವಾದರು.

ಲೆಕ್ಕದ ಇನ್ನೊಂದು ಬದಿಯೂ ಇದೆ. ಗಾಯಕ ಬರುವನೋ ಇಲ್ಲವೋ ಎಂದು ಬೆವರುವ ಸಂಘಟಕ, ತಡರಾತ್ರಿಯವರೆಗೆ ಕಾಯುವ ಸಾಥಿದಾರರು ಇರಲಿ. ಅವರಿಗೆ ಸಂಭಾವನೆಯಾದರೂ ಸಿಗುತ್ತದೆ. ಮನೆಯವರಿಗೆ? ಭೀಮಸೇನರ ಮೊದಲ ಪತ್ನಿಯ ಮಗ ರಾಘವೇಂದ್ರ ಜೋಶಿಯವರು ತಂದೆಯ ಬಗ್ಗೆ ಮರಾಠಿಯಲ್ಲಿ ನೆನಪುಗಳ ಪುಸ್ತಕ ಬರೆದಿದ್ದಾರೆ. ತಂದೆಯ ಗಾಯನಕ್ಕೆ ತಲೆಬಾಗುತ್ತಲೇ, ಆ ಕೀರ್ತಿಯ ನೆರಳಿನಲ್ಲಿ ತಾಯಿ ಮತ್ತು ಮಕ್ಕಳು ಅನುಭವಿಸಿದ್ದನ್ನೂ ಅವರು ಬಚ್ಚಿಡುವುದಿಲ್ಲ. ಒಬ್ಬರ ಸಂತೋಷದ ವೆಚ್ಚವನ್ನು ಆ ವ್ಯವಹಾರದಲ್ಲಿ ಪಾಲಿಲ್ಲದವರು ಭರಿಸುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಬಾಹ್ಯ ವೆಚ್ಚ ಎಂಬ ಹೆಸರಿದೆ. ಕಾರ್ಖಾನೆಯ ಹೊಗೆಗೆ ಅದನ್ನು ಅನ್ವಯಿಸುತ್ತೇವೆ, ಪ್ರತಿಭೆಗೆ ಅನ್ವಯಿಸಲು ಏಕೋ ಹಿಂಜರಿಯುತ್ತೇವೆ.

ಈ ವಿನಾಯಿತಿ ಯಾರಿಗೆ ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಅದೇ ಕುಂದಗೋಳದಲ್ಲಿದೆ. ಹುಬ್ಬಳ್ಳಿಯಿಂದ ರೈಲು ಹತ್ತಿ ಅದೇ ಗುರುವಿನ ಮನೆಗೆ ಪಾಠಕ್ಕೆ ಹೋಗುತ್ತಿದ್ದ ಇನ್ನೊಬ್ಬರು ಗಂಗೂಬಾಯಿ ಹಾನಗಲ್. ಧಾರವಾಡದ ಬೀದಿಯಲ್ಲಿ ನಡೆದರೆ ‘ಹಾಡುವವಳು ಬಂದಳು’ ಎಂಬ ಕುಹಕ ಕೇಳಿಸಿಕೊಂಡು ಬೆಳೆದವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಆ 11 ವರ್ಷದ ಬಾಲಕಿಗೆ ಹಾಡು ಹೇಗಾಯಿತೆಂಬ ಚಿಂತೆಗಿಂತ, ಜಾತಿಯ ಕಾರಣಕ್ಕೆ ಉಂಡ ಎಲೆ ತೆಗೆಯಲು ತನಗೆ ಹೇಳುವರೇನೋ ಎಂಬ ಅಂಜಿಕೆಯೇ ದೊಡ್ಡದಾಗಿತ್ತು ಎಂದು ಅವರೇ ಮುಂದೆ ನೆನೆದಿದ್ದರು. ಪತಿ ಗುರುರಾವ್ ಕೌಲಗಿಯವರು ವಕೀಲಿ ಓದಿದವರು. ಅವರು ಕೈಹಾಕಿದ ವ್ಯವಹಾರಗಳು ಕೈಗೂಡಲಿಲ್ಲ. ಸಂಸಾರದ ಭಾರ ಹೊತ್ತದ್ದು ಗಂಗೂಬಾಯಿಯವರ ಕಂಠ. ಶಸ್ತ್ರಚಿಕಿತ್ಸೆಯ ನಂತರ ಆ ಕಂಠ ಗಂಡಸಿನ ದನಿಯಂತೆ ಗಡುಸಾದಾಗಲೂ ಅದಕ್ಕೆ ತಕ್ಕ ಗಾಯಕಿಯನ್ನೇ ಕಟ್ಟಿಕೊಂಡು ಹಾಡಿದರು.

ಅವರು ಒಂದೇ ಒಂದು ದಿನ ತೂರಾಡುತ್ತ ವೇದಿಕೆಗೆ ಬಂದಿದ್ದರೆ? ಭೀಮಣ್ಣನ ಕಥೆ ಹೇಳಿ ನಗುವ ಇದೇ ಊರು ಅದನ್ನು ಕಲಾವಿದೆಯ ಲಹರಿ ಎಂದು ಬಗೆಯುತ್ತಿತ್ತೆ? ಮರುದಿನದಿಂದ ಅವರಿಗೆ ಕಾರ್ಯಕ್ರಮವೇ ಇರುತ್ತಿರಲಿಲ್ಲ. ಗಂಡು ಗಾಯಕ ಮುಸಲ್ಮಾನನಾದರೆ ಉಸ್ತಾದ್, ಹಿಂದೂ ಆದರೆ ಪಂಡಿತ್, ಹೆಣ್ಣು ಎಷ್ಟೇ ಎತ್ತರಕ್ಕೆ ಏರಿದರೂ ಬರಿಯ ‘ಬಾಯಿ’ ಎಂಬ ಅರ್ಥದ ಅವರ ಮಾತು ಪ್ರಸಿದ್ಧ. ಬಿರುದಿನಲ್ಲಿ ಮಾಡಿದ ಈ ಭೇದವನ್ನು ನಾವು ಕ್ಷಮೆಯಲ್ಲೂ ಮಾಡುತ್ತ ಬಂದಿದ್ದೇವೆ.

2009ರ ಜೂನ್ 25ರಂದು ಅಮೆರಿಕದಲ್ಲಿ ಮೈಕೆಲ್ ಜಾಕ್ಸನ್, ನಿದ್ದೆಗಾಗಿ ಪಡೆಯುತ್ತಿದ್ದ ಅರಿವಳಿಕೆ ಮದ್ದಿನಿಂದ, 50ನೆಯ ವಯಸ್ಸಿನಲ್ಲಿ ಸತ್ತಾಗ ನಮ್ಮ ಸುದ್ದಿವಾಹಿನಿಗಳು ದಿನಗಟ್ಟಲೆ ಅದನ್ನೇ ತೋರಿಸಿದವು. ನಾಲ್ಕು ವಾರ ತುಂಬುವ ಮೊದಲೇ, ಜುಲೈ 21ರಂದು, ಹುಬ್ಬಳ್ಳಿಯಲ್ಲಿ ಗಂಗೂಬಾಯಿ 96ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಆ ಕಣ್ಣುಗಳನ್ನೂ ದಾನ ಮಾಡಿ ಹೋದರು. ಅವರ ಬಗ್ಗೆ ವಿರಾಮದ ಚಹಾದೊಡನೆ ಹೇಳಲು ರೋಚಕವಾದ ಕಥೆ ಇಲ್ಲ ನಿಜ. ಹಾಗೆ ನೋಡಿದರೆ ಭೀಮಸೇನರು ಕುಡಿತವನ್ನು ಬಿಟ್ಟ ಕಥೆಯನ್ನೂ ಯಾರೂ ಹೇಳುವುದಿಲ್ಲ; ಹಿಡಿದ ಚಟವನ್ನು ಬಿಡುವುದು ಹೂಡಿದ ತಾನಿಗಿಂತ ಕಠಿಣವಾದರೂ.

ಈಗ ಮಾಡಬಹುದಾದ್ದು ಏನು? ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ, ಒಳ್ಳೆಯದೇ. ಆದರೆ ಅದು ಮುಪ್ಪಿನ ನೆರವು. ನಡುವಯಸ್ಸಿನ ಕಲಾವಿದನ ಬದುಕು ಬೇರೆ ಬಗೆಯದು: ಭವಿಷ್ಯ ನಿಧಿ ಇಲ್ಲ, ಮುಂದಿನ ತಿಂಗಳ ಆದಾಯದ ಖಾತರಿ ಇಲ್ಲ, ರಾತ್ರಿಯ ಗಾಯನ, ಬೆಳಗಿನ ಜಾವದ ರೈಲು. ಇಂಥ ಬದುಕಿಗೆ ಚಟ ಬೇಗ ಅಂಟುತ್ತದೆ. ಅತಿಥಿಸತ್ಕಾರವೆಂದು ಕಲಾವಿದನ ಕೋಣೆಗೆ ಬಾಟಲಿ ಕಳಿಸುವ ಸಂಘಟಕರು ಆ ಹಣವನ್ನು ಅವನ ಸಂಭಾವನೆಗೆ ಸೇರಿಸಲಿ, ಸಾಥಿದಾರರಿಗೂ ಅದೇ ರಾತ್ರಿ ಹಣ ಸಂದಾಯ ಮಾಡಲಿ. ಚಟ ಹತ್ತಿದವನನ್ನು ಕಂಡರೆ ‘ಅದು ಅವರ ಲಹರಿ’ ಎಂದು ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯಲಿ. ಅದಕ್ಕೆ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ಡಿಮ್ಹಾನ್ಸ್ ಧಾರವಾಡದಲ್ಲೇ ಇದೆ. ಕಲಾಭವನದಿಂದ ಆಟೋದಲ್ಲಿ ಕೆಲವೇ ನಿಮಿಷಗಳ ದಾರಿ.